ಹೊಟ್ಟೆ ಒಳಗಿನ ಜಾಲರಿ ಕೊಳವೆ

ಹಾರ್ಟಿಗೆ ಸ್ಟೆಂಟ್ ಹಾಕ್ಸೋದು ನಮ್ಮ ಅಮೃತೂರಲ್ಲಿ ಈಗ ಎಲ್ರಿಗೂ ಗೊತ್ತು. ಹೊಟ್ಟೆಗೂ ಹಾಕ್ತಾರೆ ಅಂದ್ರೆ "ಅದ್ಯಾಕವ್ವ?" ಅಂತೀರ. ನಮ್ಮ ಚಿಕ್ಕಮ್ಮನ ಮಗಳಿಗೆ ಹಾಕಿದ್ರು. ನೀವೆಲ್ಲ ಕೇಳ್ತಾನೇ ಇದೀರಲ್ಲ, ಬರೆದೇಬಿಡಾನ ಅಂತ.

ಅವಳು ಬೆಂಗ್ಳೂರಲ್ಲಿ ತೂಕ ಇಳಿಸೋ ಆಪರೇಷನ್ ಮಾಡಿಸ್ಕಂಡ್ಲು. 2022ರಲ್ಲಿ ಧಾರಾವಾಹಿ ನಟಿ ಚೇತನಾ ರಾಜ್ ತೀರಿಕೊಂಡ್ರಲ್ಲ, ಅದು ಕೊಬ್ಬು ತೆಗೆಸೋ ಆಪರೇಷನ್, ಅದೇ ಬೇರೆ. ಇದ್ರಲ್ಲಿ ಜಠರದ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದಿದ್ದನ್ನ ಬಾಳೇಕಾಯಿ ಹಂಗೆ ಉದ್ದಕ್ಕೆ ಪಿನ್ನು ಹೊಡೆದು ಮುಚ್ತಾರೆ. ಸ್ಲೀವ್ ಅಂತಾರೆ. ಬೊಜ್ಜಿನ ಜೊತೆ ಸಕ್ಕರೆ ಕಾಯಿಲೆ ಇದ್ದೋರು ಎಷ್ಟೋ ಜನಕ್ಕೆ ಇದ್ರಿಂದ ಒಳ್ಳೇದೂ ಆಗೈತೆ.

ನೂರಕ್ಕೆ ಒಬ್ರಿಗೋ ಇಬ್ರಿಗೋ ಆ ಪಿನ್ನಿನ ಸಾಲು ಸೋರ್ತೈತೆ, ಹೆಚ್ಚಾಗಿ ಮೇಲ್ಗಡೆ, ಅನ್ನನಾಳ ಸೇರೋ ಹತ್ರ. ಇವಳು ಊರಿಗೆ ಬಂದ ನಾಕನೇ ದಿನ ಜ್ವರ, ಎಡಭುಜ ನೋವು, ಎದೆ ಡವಡವ. ಚಿಕ್ಕಮ್ಮ "ಗ್ಯಾಸು ಕಣೇ" ಅಂತ ಜೀರಿಗೆ ನೀರು ಕಾಯಿಸಿದ್ರು. ಅವಳ ನಾದಿನಿ ಡಿಸ್ಚಾರ್ಜ್ ಚೀಟಿ ಓದಿ, ರಾತ್ರೋರಾತ್ರಿ ಕಾರು ಮಾಡಿ ಕರ್ಕಂಡು ಹೋದ್ಲು. ಜೀವ ಉಳೀತು.

ಒಳಗೆ ಕಟ್ಟಿದ್ದ ಕೀವು ತೆಗೆಯಕ್ಕೆ ಪೈಪು ಹಾಕಿ, ಬಾಯಿಂದ ಎಂಡೋಸ್ಕೋಪ್ ಇಳಿಸಿ ಸ್ಟೆಂಟ್ ಕೂರಿಸಿದ್ರು. ಅದೊಂದು ಲೋಹದ ಜಾಲರಿ ಕೊಳವೆ, ಮೇಲೆ ಹೊದಿಕೆ ಇರ್ತೈತೆ. ಸೋರೋ ಜಾಗವನ್ನ ಒಳಗಿಂದ ಮುಚ್ಚಿ, ಗಾಯ ಮಾಗೋವರ್ಗೂ ಎಂಜಲು, ನೀರು ಅದರೊಳಗೇ ಇಳೀಲಿ ಅಂತ.

ಅಲ್ಲಿಗೆ ಮುಗೀತು ಅನ್ಕಂಡ್ವಿ. ಎದೆನೋವು, ವಾಂತಿ, ಹುಳಿತೇಗು ಶುರುವಾಯ್ತು. ಮೂರನೇ ವಾರ ಸ್ಟೆಂಟ್ ಕೆಳಗೆ ಜಾರಿತ್ತು. ಇಂಥ ಕೊಳವೆ ಮೊದಲು ಬಂದಿದ್ದು ಅನ್ನನಾಳ ಕಟ್ಕಂಡೋರಿಗೆ. ಇಕ್ಕಟ್ಟು ಜಾಗ ಅದನ್ನ ಗಟ್ಟಿಯಾಗಿ ಹಿಡ್ಕಂತದೆ. ಇಲ್ಲಿ ಹಿಡಿಯಕ್ಕೆ ಇಕ್ಕಟ್ಟೇ ಇಲ್ಲ, ಅದಕ್ಕೇ ಜಾರೋದು ಮಾಮೂಲಿ. ಕರುಳಿಗೆ ಇಳಿದ್ರೆ ಅಡ್ಡ ನಿಲ್ಲಬಹುದು, ತೂತೂ ಮಾಡಬಹುದು. ಮತ್ತೆ ಎಂಡೋಸ್ಕೋಪಿ ಮಾಡಿ ಬೇರೆ ಹಾಕಿದ್ರು. ಹಂಗಂತ ಜಾಸ್ತಿ ದಿನ ಬಿಡಂಗೂ ಇಲ್ಲ. ಮಾಂಸ ಅದಕ್ಕೆ ಬೆಳ್ಕಂಡ್ರೆ ಕೀಳೋದು ಕಷ್ಟ, ರಕ್ತ ಸುರೀತದೆ. ಆರು ವಾರಕ್ಕೆ ತೆಗೆದ್ರು.

ಯಾರ ಮನೇಲಾದ್ರೂ ಈ ಆಪರೇಷನ್ ಆಗಿದ್ರೆ, ಜ್ವರ, ಭುಜನೋವು, ಎದೆಬಡಿತ ಕಂಡ ತಕ್ಷಣ ಆಪರೇಷನ್ ಮಾಡಿದ ಡಾಕ್ಟ್ರಿಗೆ ಫೋನ್ ಮಾಡಿ. ಸ್ಟೆಂಟ್ ಹಾಕಿದ್ರೆ ತೆಗೆಯೋ ದಿನಾನೂ ಕ್ಯಾಲೆಂಡರಲ್ಲಿ ಬರ್ಕಳಿ. "ಒಂದು ತುತ್ತು ಮುದ್ದೆ ನುಂಗು, ಶಕ್ತಿ ಬರ್ತೈತೆ" ಅಂತ ಮಾತ್ರ ಬಲವಂತ ಮಾಡ್ಬೇಡಿ ಕಣ್ರಕ್ಕ. ಡಾಕ್ಟ್ರು ಹೇಳೋವರ್ಗೂ ಅವರು ಬರ್ಕೊಟ್ಟಿದ್ದೇ ಊಟ.