ಭೂಮಾಪನವೂ ಭೂಸ್ಮೃತಿಯೂ

ಒಂದು ನಾಡನ್ನು ಅರಿಯುವುದಕ್ಕೆ ಎರಡು ಮಾರ್ಗಗಳುಂಟು. ಸರಪಣಿ ಹಿಡಿದು ಅಳೆಯುವುದು ಒಂದು. ಅಲ್ಲಿ ಬಾಳಿದವರ ಮಾತನ್ನು ಕೇಳಿ ಬರೆದಿಡುವುದು ಇನ್ನೊಂದು. ಮೊದಲನೆಯದರಿಂದ ನಕ್ಷೆಯೂ ಎರಡನೆಯದರಿಂದ ಚರಿತ್ರೆಯೂ ಹುಟ್ಟುತ್ತವೆ. ಒಂದು ಇನ್ನೊಂದನ್ನು ಬಿಟ್ಟರೆ ಎರಡೂ ಕುಂಟುತ್ತವೆ. ಬೆಂಗಳೂರಿನ ಪೂರ್ವಭಾಗದ ಪೂರ್ವಕಥೆಯನ್ನು ನೋಡಿದವರಿಗೆ ಈ ಮಾತು ಸ್ಪಷ್ಟವಾಗದೆ ಇರದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಕೂಡಲೆ ಕಂಪೆನಿಯವರಿಗೆ ಮೈಸೂರುಸೀಮೆಯು ಅಪರಿಚಿತವಾದ ಗಡಿನಾಡಾಗಿ ಕಂಡಿತು. ಅದನ್ನು ತಿಳಿಯಲು ಮೂವರು ಹೊರಟರು. ವಿಲಿಯಂ ಲ್ಯಾಂಬ್ಟನ್ 1800ರ ಅಕ್ಟೋಬರ್, ಡಿಸೆಂಬರ್‌ಗಳ ನಡುವೆ ಬೆಂಗಳೂರಿನ ಸಮೀಪದಲ್ಲಿ ಏಳು ಮೈಲಿಗೂ ಮಿಗಿಲಾದ ಆಧಾರರೇಖೆಯೊಂದನ್ನು ಅಳೆದನು. ಅವನ ನೂರಡಿಯ ಉಕ್ಕಿನ ಸರಪಣಿಗೆ ಎರಡೂವರೆ ಅಡಿಯ ನಲವತ್ತು ಕೊಂಡಿಗಳಿದ್ದವು. ಅದನ್ನು ನಾನೂರು ಬಾರಿಯ ಸಮೀಪ ಹಾಸಬೇಕಾಯಿತು. ಆ ಸರಪಣಿಯನ್ನು ಮೊದಲು ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿದ್ದರು. ಆತನು ಅದನ್ನು ಬೇಡವೆಂದುದರಿಂದ ಅದು ಈ ಕಡೆಗೆ ಬಂದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ರಾಗಿಯ ಬೆಳೆ, ನೇಕಾರರ ಮಗ್ಗ ಮೊದಲಾದುವನ್ನು ವಿಚಾರಿಸುತ್ತ ಬೆಂಗಳೂರಿಗೆ ಬಂದನು. ಅವನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಿದ್ದಿತು. ಮೂರನೆಯವನಾದ ಕಾಲಿನ್ ಮೆಕೆಂಜಿ ಅಳತೆಯ ಜತೆಗೆ ಶಾಸನ, ಕೈಫಿಯತ್ತು, ತಾಳೆಗರಿಗಳನ್ನೂ ಕೂಡಿಹಾಕಿಸಿದನು.

ಆದರೆ ಮೆಕೆಂಜಿಗೆ ಈ ದೇಶದ ಭಾಷೆಗಳು ಬಾರವು. ಅವನ ಕಿವಿಯೂ ನಾಲಗೆಯೂ ಆದವರು ಕಾವಲಿ ಬೋರಯ್ಯ ಮತ್ತು ಆತನ ಸೋದರರು. ಬೋರಯ್ಯನು 1803ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಮರುವರ್ಷ ಮೆಕೆಂಜಿಯನ್ನು ಕಂಡ ಕನಕಗಿರಿಯ ದೇವಚಂದ್ರನು ಆ ಪ್ರೇರಣೆಯಿಂದ ಮುಂದೆ ರಾಜಾವಳೀಕಥೆಯನ್ನು ರಚಿಸಿದನು. ಸಂಗ್ರಹಕ್ಕೆ ಹೆಸರು ಮೆಕೆಂಜಿಯದಾದರೂ ಅದರ ಜೀವವು ಇಂಥವರ ಶ್ರಮದಲ್ಲಿದೆ.

ಇದೇ ದಶಕದಲ್ಲಿ ಭೂಮಂಡಲದ ಬೇರೊಂದು ಮೂಲೆಯಲ್ಲಿಯೂ ಹೀಗೆಯೇ ನಡೆದುದು ಕೌತುಕದ ವಿಷಯ. ಜಪಾನಿನ ಉತ್ತರಕ್ಕಿರುವ ಸಖಾಲಿನ್ ದ್ವೀಪವೋ ಭೂಖಂಡದ ಬಾಲವೋ ಎಂಬ ಸಂಶಯವಿದ್ದಿತು. ಮಾಮಿಯಾ ರಿಂಜೋ ಎಂಬಾತನು 1809ರಲ್ಲಿ ಅದರ ಜಲಸಂಧಿಯನ್ನು ದಾಟಿ, ಅಮೂರ್ ನದಿಯ ದಡದಲ್ಲಿದ್ದ ಮಂಚು ಅಧಿಕಾರಿಗಳ ಠಾಣೆಯವರೆಗೆ ಹೋಗಿಬಂದು, ದ್ವೀಪವೇ ಸರಿಯೆಂದು ನಿಶ್ಚಯಿಸಿದನು. ಆತನನ್ನು ದೋಣಿಯಲ್ಲಿ ಕರೆದೊಯ್ದವನು ಆ ತೀರದ ನಿವ್‌ಖ್ ಜನರ ಹಿರಿಯನಾದ ಕೋನಿ. ಆತನು ಹೇಳಿದ ವೃತ್ತಾಂತವನ್ನು ಬರೆದುಕೊಂಡವನು ಮುರಾಕಾಮಿ ತೇಯ್ಸುಕೆ. ಜಲಸಂಧಿಗೆ ಮಾತ್ರ ಮಾಮಿಯನ ಹೆಸರು ನಿಂತಿತು. ದಾರಿ ತೋರಿದವನಿಗೂ ದಾರಿ ಬರೆದವನಿಗೂ ಲೋಕವು ಕೊಡುವ ಕೂಲಿಯಲ್ಲಿ ಇಷ್ಟು ಅಂತರವುಂಟು.

ಆ 1809ರಲ್ಲಿಯೇ ಕಂಪೆನಿಯ ಸೈನ್ಯವು ಶ್ರೀರಂಗಪಟ್ಟಣದಿಂದ ಹಲಸೂರಿನ ಬಯಲಿಗೆ ಬಂದು ದಂಡುಪ್ರದೇಶವಾಯಿತು. ಹಲಸೂರು ಇಂಗ್ಲಿಷರ ಬಾಯಲ್ಲಿ ಅಲ್ಸೂರಾಯಿತು. ಇಂದಿನ ಶಿವಾಜಿನಗರಕ್ಕೆ ಬ್ಲಾಕ್‌ಪಳ್ಳಿಯೆಂಬ ಹೆಸರು ನಡೆಯಿತು. 1947ರಲ್ಲಿ ದಂಡು ಮೈಸೂರಿಗೆ ಮರಳುವವರೆಗೆ ಊರಿನೊಳಗೇ ಎರಡು ಆಡಳಿತಗಳಿದ್ದವು. ಹೊಸಬರ ಕಣ್ಣಿಗೆ ಅದು ಬರಿಯ ಬಯಲು. ವಾಸ್ತವದಲ್ಲಿ ಅದು ಲಿಖಿತವಾದ ನೆಲ. ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ಗುಡಿಯ ಕಲ್ಲುಗಳ ಮೇಲೆ ಶತಮಾನಗಳ ಹಿಂದಿನ ದಾನಗಳು ತಮಿಳಿನಲ್ಲಿ ಕೊರೆಯಲ್ಪಟ್ಟಿದ್ದವು. ಬೇಗೂರಿನ ವೀರಗಲ್ಲು ಒಂಬತ್ತನೆಯ ಶತಮಾನದಲ್ಲಿಯೇ ಬೆಂಗಳೂರ ಕಾಳಗವನ್ನು ಹೇಳುತ್ತಿದ್ದಿತು. ಇಂಥ ಶಾಸನಗಳನ್ನು ರೈಸ್ ಸಾಹೇಬರು ಸಂಗ್ರಹಿಸಿ 1905ರಲ್ಲಿ ಬೆಂಗಳೂರು ಜಿಲ್ಲೆಯ ಸಂಪುಟವಾಗಿ ಅಚ್ಚುಹಾಕಿಸಿದರು.

ನಮ್ಮ ಪೂರ್ವಿಕರು ದಾನಶಾಸನಗಳಲ್ಲಿ ನೆಲದ ಎಲ್ಲೆಯನ್ನು ಹೇಳುವಾಗ ಕೆರೆಯನ್ನೋ ಹಳ್ಳವನ್ನೋ ನೆಟ್ಟ ಕಲ್ಲನ್ನೋ ಗುರುತಿಗೆ ಇಟ್ಟುಕೊಂಡರು. ಸರಪಣಿಯು ದೂರವನ್ನು ಹೇಳೀತು. ಯಾರ ಕೆರೆ, ಯಾರ ಕಲ್ಲು ಎಂಬುದನ್ನು ಹೇಳದು. ಅದನ್ನು ಹೇಳುವ ಕಲ್ಲುಗಳು ಈಗ ಮನೆಗಳ ಅಸ್ತಿವಾರದಲ್ಲಿಯೂ ಚರಂಡಿಗಳ ಮಗ್ಗುಲಿನಲ್ಲಿಯೂ ಮರೆಯಾಗುತ್ತಿವೆ. ಎಂಟನೆಯ ಶತಮಾನದ ಕಿತ್ತಯ್ಯನ ಕಲ್ಲು ಹೆಬ್ಬಾಳದಲ್ಲಿ 2018ರಲ್ಲಷ್ಟೆ ಬೆಳಕಿಗೆ ಬಂದಿತು. ಕಂಡವರು ಅದನ್ನು ಬರಿಯ ಚಪ್ಪಡಿಯೆಂದು ಬಿಟ್ಟಿದ್ದರೆ ಅದೂ ಹೋಗುತ್ತಿತ್ತು.

ಆದುದರಿಂದ ಕೃಷ್ಣರಾಜಪುರವೇ ಆಗಲಿ ಹಲಸೂರೇ ಆಗಲಿ, ಹಳೆಯ ಮನೆ ಕೆಡವುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಮನೆಯವರು ಒಂದು ದಿನ ಕೆಲಸವನ್ನು ನಿಲ್ಲಿಸಿ ಓದಬಲ್ಲವರಿಗೆ ತಿಳಿಸಲಿ. ಮನೆಯ ಹಿರಿಯರಿಂದ ಕೆರೆ, ಕಟ್ಟೆ, ತೋಪುಗಳ ಹೆಸರುಗಳನ್ನು ಕೇಳಿ ಮಕ್ಕಳಿಂದ ಬರೆಯಿಸಲಿ. ಹೇಳಿದವರ ಹೆಸರನ್ನೂ ಅದರ ಕೆಳಗೆ ಬರೆಯುವುದನ್ನು ಮರೆಯದಿರಲಿ. ಬೋರಯ್ಯನಿಗೂ ಕೋನಿಗೂ ಸಲ್ಲಬೇಕಾದ ಋಣವು ಹೀಗಾದರೂ ಕಿಂಚಿತ್ತು ತೀರೀತು.