ಕಂಬ ಬಾಗುವ ಬಗೆ

ಥೇಮ್ಸ್ ನದಿಯ ದಂಡೆ, ಬೋರ್ನ್ ಎಂಡ್. ಹಾಯಿದೋಣಿಗಳನ್ನು ಸಾಲಾಗಿ ನಿಲ್ಲಿಸಿದ ಹುಲ್ಲಿನ ಬಯಲಿನಲ್ಲಿ ನೀವು ಮಂಡಿಯೂರಿ ಕೂತಿದ್ದೀರಿ. ಎದುರಿಗೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಅಲ್ಯೂಮಿನಿಯಂ ಹಾಯಿಕಂಬ ಮಲಗಿದೆ. 14 ಅಡಿಯ ಮರ್ಲಿನ್ ರಾಕೆಟ್ ದೋಣಿಯಿಂದ ಬಿಚ್ಚಿದ ಹಳೇ ಮಾಲು. ನಿಮ್ಮದು 12 ಅಡಿಯ ನ್ಯಾಷನಲ್ ಟ್ವೆಲ್ವ್. 1936ರಲ್ಲಿ ಶುರುವಾದ ಈ ವರ್ಗದಲ್ಲಿ ಉದ್ದ, ಹಾಯಿಯ ವಿಸ್ತೀರ್ಣ ಮುಂತಾದ ಕೆಲವಕ್ಕೆ ಮಿತಿಯಿದೆ, ಮಿಕ್ಕದ್ದರಲ್ಲಿ ಮಾಲೀಕರ ಕೈಚಳಕಕ್ಕೆ ಸಾಕಷ್ಟು ಜಾಗವಿದೆ. ಇನ್ನೊಂದು ದೋಣಿಯ ಕಂಬ ತಂದು ಹೊಂದಿಸುವ ಆಸೆ ಹುಟ್ಟುವುದೇ ಅದರಿಂದ.

ಕಂಬ ಉದ್ದವಾಯಿತು, ನಿಜ. ಆದರೆ ಹ್ಯಾಕ್ಸಾ ಬ್ಲೇಡಿಗೆ ಈಗಲೇ ಕೈ ಹಾಕಬೇಡಿ. ಎರಡು ತುದಿಗೂ ಆಸರೆ ಕೊಟ್ಟು, ನಟ್ಟನಡುವೆ ನೀರು ತುಂಬಿದ ಕ್ಯಾನು ನೇತುಹಾಕಿ. ತುದಿಯಿಂದ ತುದಿಗೆ ದಾರ ಬಿಗಿದು, ಕಂಬ ದಾರದಿಂದ ಎಷ್ಟು ಕೆಳಗಿಳಿಯಿತು ಅಂತ ಅಳೆಯಿರಿ. ನಿಮ್ಮ ದೋಣಿಯ ಹಳೇ ಕಂಬಕ್ಕೂ ಆಸರೆಗಳ ನಡುವೆ ಅಷ್ಟೇ ಅಂತರ, ಅದೇ ಕ್ಯಾನು. ಹೊಸದು ಕಡಿಮೆ ಬಾಗಿದರೆ ಗಟ್ಟಿ ಕಂಬ ಅಂತ ಹಿಗ್ಗಬೇಡಿ. ಹಾಯಿ ಹೊಲಿಯುವವರು ಮುಂಗಡೆಯ ಅಂಚನ್ನು ಕಂಬದ ಬಾಗಿಗೆ ತಕ್ಕಂತೆ ಉಬ್ಬಿಸಿ ಕತ್ತರಿಸಿರುತ್ತಾರೆ. ಕಂಬ ಬಾಗದಿದ್ದರೆ ಆ ಉಬ್ಬೆಲ್ಲ ಹಾಯಿಯ ಹೊಟ್ಟೆಯಲ್ಲೇ ಉಳಿಯುತ್ತದೆ. ಗಾಳಿ ಜೋರಾದಾಗ ದೋಣಿ ಮಗ್ಗುಲಿಗೆ ವಾಲುತ್ತದೆ, ಮುಂದಕ್ಕೆ ಓಡುವುದಿಲ್ಲ. ಎರಡೂ ಕಂಬದ ಲೆಕ್ಕ ತೀರಾ ದೂರವಿದ್ದರೆ ಮಾರಿದವರಿಗೇ ವಾಪಸು ಕೊಡುವುದು ಲೇಸು. ಹತ್ತಿರವಿದ್ದರೆ ಸ್ಪ್ರೆಡರ್, ಅಂದರೆ ಕಂಬದಿಂದ ಎರಡು ಬದಿಗೆ ಚಾಚಿ ತಂತಿಗಳನ್ನು ದೂಡಿ ಹಿಡಿಯುವ ತೋಳುಗಳ ಉದ್ದ, ಕೋನ ಬದಲಿಸಿ ಸರಿದೂಗಿಸಬಹುದು.

ಈಗ ಕೊಯ್ಯಿರಿ, ಬುಡದಲ್ಲಿ ಮಾತ್ರ. ಮೇಲಕ್ಕೆ ಹೋಗುತ್ತಾ ಸಣ್ಣಗಾಗುವ ತುದಿಯೇ ಕಂಬದ ಜೀವ, ಅದನ್ನು ಮುಟ್ಟಬಾರದು. ಬುಡ ಗಿಡ್ಡವಾದಷ್ಟೂ ಮೇಲಿನ ಫಿಟ್ಟಿಂಗುಗಳೆಲ್ಲ ಕೆಳಗಿಳಿಯುತ್ತವೆ. ಹಾಯಿಯ ಕೆಳಂಚಿನ ಅಡ್ಡಗೋಲು, ಅಂದರೆ ಬೂಮ್ ಸಿಕ್ಕಿಸುವ ಕೊಂಡಿಯನ್ನಂತೂ ಮೇಲೆ ಸರಿಸಲೇಬೇಕು.

ಸ್ಪ್ರೆಡರ್ ಜಾಗವನ್ನೂ ಬದಲಿಸಲು ಅದರ ಹಳೇ ಬ್ರ್ಯಾಕೆಟ್ಟಿನ ರಿವೆಟ್ ತಲೆಗೆ ಡ್ರಿಲ್ ಹಿಡಿಯುತ್ತೀರಿ. ತಲೆ ಕಳಚಿ, ಬಾಲ ಕಂಬದೊಳಗೆ ಟಣ್ಣನೆ ಬಿದ್ದು ಬುಡದವರೆಗೂ ಉರುಳುತ್ತದೆ. ಬ್ರ್ಯಾಕೆಟ್ ಎತ್ತಿದರೆ ಅಡಿಯಲ್ಲಿ ಬಿಳೀ ಪುಡಿ. ಈ ಕಂಬ ಕಡಲಲ್ಲಿ ಓಡಾಡಿದ್ದು; ಉಪ್ಪುನೀರು ಸೇರಿದರೆ ಸ್ಟೀಲಿನ ಪಕ್ಕದ ಅಲ್ಯೂಮಿನಿಯಂ ಸವೆಯುತ್ತದೆ. ಉಗುರಿನಿಂದ ಕೆರೆಯಿರಿ. ಪುಡಿ ಉದುರಿದ ಮೇಲೆ ಲೋಹ ನಯವಾಗಿದ್ದರೆ ಸರಿ, ಗುಳಿ ಬಿದ್ದಿದ್ದರೆ ಆ ಜಾಗದಲ್ಲಿ ಮತ್ತೆ ಏನನ್ನೂ ಕೂರಿಸಬೇಡಿ. ಹೊಸ ಬ್ರ್ಯಾಕೆಟ್ಟಿನ ಅಡಿಗೆ ಲೋಹಗಳನ್ನು ಬೇರ್ಪಡಿಸುವ ಪೇಸ್ಟ್ ಬಳಿಯಿರಿ. ಹಳೇ ತೂತುಗಳ ಸಾಲಿನಲ್ಲೇ ಹೊಸ ತೂತು ಕೊರೆಯಬೇಡಿ, ಕಂಬ ಮುರಿಯುವುದು ಅಲ್ಲೇ. 1950ರ ದಶಕದಲ್ಲಿ ಇಯಾನ್ ಪ್ರಾಕ್ಟರ್ ಲೋಹದ ಕಂಬಗಳನ್ನು ರೂಢಿಗೆ ತರುವ ಮುಂಚೆ ಸ್ಪ್ರೂಸ್ ಮರದ ಕಂಬಗಳಿದ್ದವು. ಅವುಗಳ ತೂತಿಗೆ ಮರದ ಬೆಣೆ ಅಂಟಿಸಬಹುದಿತ್ತು. ಅಲ್ಯೂಮಿನಿಯಂ ಆ ಸಲಿಗೆ ಕೊಡುವುದಿಲ್ಲ.

ಕಂಬವನ್ನು ಎಳೆದು ಹಿಡಿಯುವ ಸ್ಟೀಲ್ ತಂತಿಗಳನ್ನು ಹತ್ತಿಯ ಉಂಡೆಯಿಂದ ಮೇಲಿನಿಂದ ಕೆಳಗೆ ಒರೆಸಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತಂತಿಯ ಒಂದು ಎಳೆ ತುಂಡಾಗಿದೆ ಎಂದೇ ಲೆಕ್ಕ. ಹೆಚ್ಚಾಗಿ ತುದಿಯ ಫಿಟ್ಟಿಂಗಿನ ಬಾಯಲ್ಲೇ. ಒಂದೇ ಎಳೆ ಅಂತ ಬಿಡಬೇಡಿ, ಎರಡು ಬದಿಯ ತಂತಿಯನ್ನೂ ಹೊಸದಾಗಿ ಮಾಡಿಸಿ. ಕಂಬದಲ್ಲಿ ಉಳಿಸಿದ ದುಡ್ಡನ್ನು ಖರ್ಚು ಮಾಡಬೇಕಾದ ಜಾಗ ಇದೇ.

ಕೊಯ್ದು ಉಳಿದ ಬುಡದ ತುಂಡನ್ನು ಎಸೆಯಬೇಡಿ. ಉದ್ದಕ್ಕೆ ಸೀಳಿ ಅದುಮಿದರೆ ಅದೇ ಕಂಬದ ಒಳಗೆ ತೂರುತ್ತದೆ, ಬಿರುಕು ಬಿಟ್ಟ ದಿನ ಒಳಪಟ್ಟಿಯಾಗಿ ಒದಗುತ್ತದೆ. ಹಾಯಿ ಎಲ್ಲಿಯವರೆಗೆ ಏರಬಹುದೆಂದು ತೋರಿಸುವ ಗುರುತುಪಟ್ಟಿಗಳನ್ನು ಹೊಸದಾಗಿ ಸುತ್ತಿ, ಪಂದ್ಯಕ್ಕೆ ಇಳಿಯುವ ಮುಂಚೆ ವರ್ಗದ ಅಳತೆಗಾರರನ್ನು ಕರೆದು ತೋರಿಸಿ.