ಬೀದಿಯೊಂದು, ಶಾಲೆ ಹತ್ತು

ನ್ಯೂ ಆರ್ಲಿಯನ್ಸ್‌ನಲ್ಲಿ ಬೆಳಗು ಹರಿಯುವ ಮೊದಲೇ ಹಳದಿ ಬಸ್ಸುಗಳು ಓಡಾಡುತ್ತವೆ. ಮಿಸಿಸಿಪ್ಪಿ ನದಿಯ ಕಡೆಯಿಂದ ತೇವದ ಗಾಳಿ, ಮೈಗಂಟುವ ಸೆಕೆ. ಮೇ ತಿಂಗಳ ಮಂಗಳೂರೇ ಸರಿ. ಓಕ್ ಮರದ ಕೆಳಗೆ ಮಕ್ಕಳು ನಿಂತಿದ್ದರು. ಒಂದೇ ಬೀದಿಯ ಮಕ್ಕಳು, ಅಂಗಿಯ ಬಣ್ಣ ಮಾತ್ರ ಒಬ್ಬೊಬ್ಬರದು ಒಂದೊಂದು. ಬಸ್ಸು ಬಂದಂತೆಲ್ಲ ಒಂದೊಂದು ದಿಕ್ಕಿಗೆ ಚದುರಿದರು. ಖಾಸಗಿ ಶಾಲೆಯ ವ್ಯಾನುಗಳಿಂದಾಗಿ ಬೆಂಗಳೂರಿನಲ್ಲೂ ಇದನ್ನು ದಿನಾ ಕಾಣುತ್ತೇವೆ. ನಾನು ಬೆರಗಾದದ್ದು, ಇವೆಲ್ಲ ಶುಲ್ಕವಿಲ್ಲದ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳೆಂದು ತಿಳಿದಾಗ.

ಇವಕ್ಕೆ ಚಾರ್ಟರ್ ಶಾಲೆಗಳೆನ್ನುತ್ತಾರೆ. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು. ಹಣ ಸರ್ಕಾರದ್ದು, ಆಡಳಿತ ಸ್ವತಂತ್ರ ಮಂಡಳಿಯದು. ನಮ್ಮ ಅನುದಾನಿತ ಶಾಲೆಗೆ ಹತ್ತಿರ ಅನ್ನಿಸಿತು. ಆದರೆ ಇಲ್ಲಿ ಶಿಕ್ಷಕರ ನೇಮಕ, ಸಂಬಳ, ವೇಳಾಪಟ್ಟಿ ಎಲ್ಲವೂ ಮಂಡಳಿಯ ಕೈಯಲ್ಲಿ. ಕೆಲವು ವರ್ಷಗಳ ಕರಾರು. ಫಲಿತಾಂಶ ಬಾರದಿದ್ದರೆ ಶಾಲೆಯೇ ಕೈಬಿಟ್ಟುಹೋಗಬಹುದು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿ, ಒಡ್ಡುಗಳು ಒಡೆದು, ಊರಿನ ಶೇ. 80ರಷ್ಟು ಭಾಗ ಮುಳುಗಿತು. ಮಕ್ಕಳು ಬೇರೆ ಬೇರೆ ರಾಜ್ಯಗಳಿಗೆ ಚದುರಿಹೋಗಿದ್ದಾಗಲೇ ಲೂಸಿಯಾನ ಸರ್ಕಾರ ನೂರಕ್ಕೂ ಹೆಚ್ಚು ಶಾಲೆಗಳನ್ನು ಚುನಾಯಿತ ಸ್ಥಳೀಯ ಮಂಡಳಿಯಿಂದ ಕಿತ್ತುಕೊಂಡು, ಕ್ರಮೇಣ ಚಾರ್ಟರ್ ಮಂಡಳಿಗಳಿಗೆ ವಹಿಸತೊಡಗಿತು. ಏಳು ಸಾವಿರಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಆ ಸಂಬಳದಿಂದಲೇ ಮನೆ ಕಟ್ಟಿ ಮಧ್ಯಮ ವರ್ಗಕ್ಕೇರಿದವರು.

ಒಂದರ ಹಿಂದೊಂದು ಕೋಣೆಯಿರುವ ಉದ್ದನೆಯ ಮರದ ಮನೆಯ ಜಗುಲಿಯಲ್ಲಿ ಅಂಥ ಒಬ್ಬ ನಿವೃತ್ತ ಶಿಕ್ಷಕಿ ಸಿಕ್ಕರು. ತಣ್ಣನೆಯ ಸಿಹಿ ಚಹಾ ಕೊಟ್ಟು ಕೂರಿಸಿದರು. "ಮನೆ ಕೊಚ್ಚಿಹೋಗಿತ್ತು, ಕೆಲಸದಿಂದ ತೆಗೆದ ಕಾಗದ ಮಾತ್ರ ಆ ವಿಳಾಸಕ್ಕೇ ಬಂತು" ಎಂದರು. ಮೂರು ತಲೆಮಾರು ಒಬ್ಬರೇ ಮೇಡಂ ಹತ್ತಿರ ಅಕ್ಷರ ಕಲಿತ ಊರುಗಳನ್ನು ಬಲ್ಲ ನನಗೆ ಕುಡಿದದ್ದು ಗಂಟಲಲ್ಲಿ ಇಳಿಯಲಿಲ್ಲ.

ಆದರೂ ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಹಳೆಯ ವ್ಯವಸ್ಥೆ ಚಂಡಮಾರುತಕ್ಕೆ ಮೊದಲೇ ಸೋತಿತ್ತು, ಭ್ರಷ್ಟಾಚಾರವೂ ಇತ್ತು. ತುಲೇನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಡಗ್ಲಸ್ ಹ್ಯಾರಿಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಲೆಕ್ಕ ಹಾಕಿದರು: ಈ ಬದಲಾವಣೆಯ ನಂತರ ಅಂಕಗಳು ಏರಿವೆ, ಪ್ರೌಢಶಾಲೆ ಮುಗಿಸುವವರೂ ಕಾಲೇಜು ಸೇರುವವರೂ ಹೆಚ್ಚಿದ್ದಾರೆ. ಆ ಮಕ್ಕಳ ಪಾಲಿಗೆ ಇದು ಸಣ್ಣ ಮಾತಲ್ಲ.

ಮಧ್ಯಾಹ್ನ ವಿಲಿಯಂ ಫ್ರಾಂಟ್ಜ್ ಶಾಲೆಯ ಕಟ್ಟಡದ ಹತ್ತಿರ ಹೋದೆ. 1960ರ ನವೆಂಬರ್ 14ರಂದು ಆರು ವರ್ಷದ ಕಪ್ಪು ಬಾಲಕಿ ರೂಬಿ ಬ್ರಿಜಸ್, ಕೂಗಿ ಬೈಯುತ್ತಿದ್ದ ಬಿಳಿಯರ ಗುಂಪು ದಾಟಿ, ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ, ಅದುವರೆಗೆ ಬಿಳಿಯ ಮಕ್ಕಳಿಗಷ್ಟೇ ಇದ್ದ ಶಾಲೆಯ ಮೆಟ್ಟಿಲೇರಿದ್ದು ಇಲ್ಲಿಯೇ. ಅಂಗಳದಲ್ಲಿ ಆಕೆಯ ಪ್ರತಿಮೆಯಿದೆ. ಈಗ ಒಳಗೆ ನಡೆಯುತ್ತಿರುವುದು ಅಕಿಲಿ ಅಕಾಡೆಮಿ ಎಂಬ ಚಾರ್ಟರ್ ಶಾಲೆ. ಬಾಗಿಲು ಎಲ್ಲರಿಗೂ ತೆರೆದಿದೆ; ಆದರೆ ನಡೆಸುವ ಮಂಡಳಿಗೆ ಊರಿನ ಜನ ವೋಟು ಹಾಕುವುದಿಲ್ಲ. ನಮ್ಮ ಹಳ್ಳಿಯ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಎಷ್ಟೇ ಕುಂಟಲಿ, ಅದರಲ್ಲಿ ಪೋಷಕರು ಕೂರುತ್ತಾರೆ. ಅಂಕಕ್ಕಾಗಿ ಆ ಹಕ್ಕನ್ನು ಬಿಟ್ಟುಕೊಡಲು ನಾನಂತೂ ಒಪ್ಪೆ.

ಊರಿಗೂ ಹಾಗನ್ನಿಸಿರಬೇಕು. ನಾಗರಿಕ ಹಕ್ಕುಗಳ ಹೋರಾಟಗಾರರಿಗೆ ತಮ್ಮ ಹೋಟೆಲಿನಲ್ಲಿ ಗಂಬೊ ಸಾರು ಬಡಿಸಿದ ಲೀಯಾ ಚೇಸ್ ಅವರ ಹೆಸರಿನಲ್ಲಿ 2024ರಲ್ಲಿ ಚುನಾಯಿತ ಸ್ಥಳೀಯ ಮಂಡಳಿ ತಾನೇ ನಡೆಸುವ ಶಾಲೆಯೊಂದನ್ನು ತೆರೆದಿದೆ. ಜಗುಲಿಯಿಂದ ಹೊರಡುವಾಗ ಆ ನಿವೃತ್ತ ಶಿಕ್ಷಕಿಯನ್ನು ಕೇಳಿದ್ದೆ, ಮೊಮ್ಮಗಳನ್ನು ಅಲ್ಲಿಗೆ ಸೇರಿಸುತ್ತೀರಾ ಎಂದು. "ಅವಳ ಚಾರ್ಟರ್ ಶಾಲೆಯ ಮೇಷ್ಟ್ರು ಒಳ್ಳೆಯವರು, ಮಗು ಚೆನ್ನಾಗಿ ಕಲಿಯುತ್ತಿದೆ. ಮಗಳು ಬೇಡ ಅನ್ನುತ್ತಾಳೆ, ನಾನು ಬೇಕು ಅನ್ನುತ್ತೇನೆ" ಎಂದರು.